ಕೋಟು ಹಾಕದ ಫೋಟೋ

ಮೊನ್ನೆ ಮಲ್ಲೇಶ್ವರದ ಫುಟ್‌ಪಾತಿನಲ್ಲಿ ಒಬ್ಬಳು ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ಬಗ್ಗಿ ಒಂದು ಕಾಯಿ ಎತ್ತಿ ಮೂಸಿದೆ. ಅಸಲಿ ಸೊಗಡು, ಇಬ್ಬನಿ ಕುಡಿದು ಬಲಿತ ಕಾಯಿ. "ಮೂಸಕ್ಕೇನೂ ಕೊಡ್ಬೇಡಿ ಮೇಡಂ, ತಗಂಡ್ರೆ ಮಾತ್ರ ಕೊಡಿ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಕಾಯಿಯನ್ನು ರಾಶಿಗೇ ವಾಪಸ್ ಹಾಕಿದೆ. ಅವರೆಕಾಯಿ ವಾಸನೆಗೆ ಊರಿಗೆಲ್ಲ ಬಾಯಲ್ಲಿ ನೀರೂರಿದರೆ ನನಗೆ ಇವತ್ತಿಗೂ ಮೊದಲು ಹೆದರಿಕೆಯಾಗುತ್ತದೆ, ಹಸಿವು ಆಮೇಲೆ. ದೊಡ್ಡಬಳ್ಳಾಪುರದಲ್ಲಿ ಕಳೆದ ಒಂದು ಅವರೆಕಾಯಿ ಕಾಲ ಅದಕ್ಕೆ ಕಾರಣ.

ಬ್ಯಾಂಕಿನವರು ನನ್ನನ್ನು ಅಲ್ಲಿಗೆ ವರ್ಗ ಮಾಡಿದ ವರ್ಷ ಅದು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಒಂದು ಮನೆ ಹಿಡಿದಿದ್ದೆ. ಸುತ್ತಲೂ ಮಗ್ಗದ ಮನೆಗಳು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಲಟಪಟ ಸದ್ದು ಶುರುವಾಗಿ ನನ್ನ ಮಂಚವೂ ಅದರ ಜೊತೆ ನಡುಗುತ್ತಿತ್ತು. ನಾನೋ ಒಂಟಿ ಹೆಂಗಸು, ಮೂಗಿನ ತುದಿಯಲ್ಲೇ ಸಿಟ್ಟು. ವಾರವಿಡೀ ಕೌಂಟರಿನ ಗಾಜಿನ ಹಿಂದೆ ಕೂತು ಜನರ ಮುಖ ನೋಡಿ ಸಾಕಾಗುತ್ತಿತ್ತು. ಆದರೂ ಭಾನುವಾರ ಬಂತೆಂದರೆ ಅದೇ ಮುಖಗಳನ್ನು ಗಾಜಿಲ್ಲದೆ ನೋಡಬೇಕು ಅನ್ನಿಸಿ ಕ್ಯಾಮೆರಾ ಎತ್ತಿಕೊಂಡು ಹೊರಡುತ್ತಿದ್ದೆ.

ನನ್ನದು ಕಳ್ಳ ಕಸುಬು. ಬಟ್ಟೆಯ ತರಕಾರಿ ಚೀಲದ ಬಾಯಲ್ಲಿ ಕ್ಯಾಮೆರಾ, ಅದು ಕಾಣದ ಹಾಗೆ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವಳ ಹಾಗೆ ಕೂತು ಎದುರಿನವರ ಫೋಟೋ ತೆಗೆಯುವುದು. ಕೇಳಿ ತೆಗೆಯಬಾರದೇ ಎಂದು ಯಾರಾದರೂ ಅಂದರೆ ನನಗೆ ರೇಗುತ್ತಿತ್ತು. ಕೇಳಿದ ಮರುಕ್ಷಣ ಜನ ಸೆರಗು ಸರಿ ಮಾಡಿಕೊಂಡು, ಉಸಿರು ಬಿಗಿಹಿಡಿದು, ಆಧಾರ್ ಕಾರ್ಡಿನ ಮುಖ ಹಾಕಿಕೊಂಡುಬಿಡುತ್ತಾರೆ. ಇದ್ದ ಮುಖ ಓಡಿಹೋಗುತ್ತದೆ. ಒಮ್ಮೊಮ್ಮೆ ಸಿಕ್ಕಿಬೀಳುತ್ತಿದ್ದೆ. "ಯಾವ ಚಾನೆಲ್ಲು ಮೇಡಂ?" ಎಂದು ಕೇಳುವವರು ಕೆಲವರು. ಹೂ ಮಾರುವವಳೊಬ್ಬಳು ಮಾತ್ರ, "ನಿನ್ ಕಣ್ ಸೇದೋಗ, ಯಾರನ್ ಕೇಳಿ ತೆಗ್ದೆ?" ಎಂದು ಸಂತೆಯ ನಡುವೆ ನಿಲ್ಲಿಸಿ ಉಗಿದಿದ್ದಳು. ಅಲ್ಲೇ ಅಳಿಸಿ ತೋರಿಸಿದ ಮೇಲೆ ಬಿಟ್ಟಳು.

ಪ್ರಿಂಟು ಹಾಕಿಸಲು ಅಯೂಬನ ಸ್ಟುಡಿಯೋಗೆ ಹೋಗುತ್ತಿದ್ದೆ. ಫೋಟೋ, ಲ್ಯಾಮಿನೇಷನ್, ಫ್ಲೆಕ್ಸು ಎಲ್ಲವೂ ಅವನೇ. ದಪ್ಪ ಕನ್ನಡಕದ, ಬಾಯಿ ತುಂಬ ಮಾತಿನ ಮನುಷ್ಯ. ಅವನ ಕಂಪ್ಯೂಟರಿನಲ್ಲಿ ನೀಲಿ, ಕರಿ, ಕಂದು ಎಂದು ಮೂರು ಕೋಟುಗಳಿದ್ದವು. ಯಾವ ಮುದುಕರ ಫೋಟೋ ಬಂದರೂ ತಲೆ ಕತ್ತರಿಸಿ ಒಂದು ಕೋಟಿನ ಮೇಲೆ ಕೂರಿಸಿ, ಕೂದಲು ಕಪ್ಪು ಮಾಡಿ, ಮುಖ ಬೆಳ್ಳಗೆ ಮಾಡಿ ಕೊಡುತ್ತಿದ್ದ. ಜನಕ್ಕೂ ಅದೇ ಬೇಕಿತ್ತು. ಆ ತಾಲ್ಲೂಕಿನ ಫ್ಲೆಕ್ಸುಗಳನ್ನು ನೋಡಿದವರಿಗೆ ಅಲ್ಲಿ ರಾಗಿ ಬೆಳೆಯುವವರೆಲ್ಲ ವಕೀಲರೇ ಅನ್ನಿಸಬೇಕು.

"ನೀವು ಇರೋ ಮುಖ ತೆಗೀತೀರ ಮೇಡಂ, ನಾನು ಇರ್ಬೇಕಾದ ಮುಖ ತೆಗೀತೀನಿ" ಎನ್ನುತ್ತಿದ್ದ ಅಯೂಬ್. "ಜನ ಯಾರ ಹತ್ರ ಬರ್ತಾರೆ, ನೀವೇ ನೋಡಿ."

"ನಿನ್ನ ಹತ್ರ ಬರೋದು ಸತ್ಮೇಲೆ ಕಣಯ್ಯಾ" ಎಂದು ನಾನು ಅಣಕಿಸುತ್ತಿದ್ದೆ. ಅವನು ನಗುತ್ತಿದ್ದ.

ಆ ಸಲ ಕಾರ್ತಿಕದಲ್ಲಿ ಮದ್ರಾಸಿನ ಕಡೆ ಸೈಕ್ಲೋನ್ ಎದ್ದು ನಮ್ಮಲ್ಲಿ ಜಡಿ ಹಿಡಿಯಿತು. ಸುರಿಯುವ ಮಳೆಯಾದರೂ ಒಂದು ಹೊತ್ತಿಗೆ ನಿಲ್ಲುತ್ತದೆ. ಇದು ನಿಲ್ಲಲೂ ಇಲ್ಲ, ಸುರಿಯಲೂ ಇಲ್ಲ. ಕುಯ್ದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು. ಬ್ಯಾಂಕಿಗೆ ಬಂದವರು ಟೋಪಿ, ಮಫ್ಲರು ಬಿಚ್ಚದೆ ಬಾಗಿಲಲ್ಲಿ ನಿಂತು ಆಕಾಶ ಬೈಯುತ್ತಿದ್ದರು. ಬಸ್ಸುಗಳ ತುಂಬ ಅವರೆಕಾಯಿ ಮೂಟೆ, ಒದ್ದೆ ಬಟ್ಟೆ ಮತ್ತು ಸೊಗಡು ಸೇರಿದ ವಾಸನೆ. ನಡುಮನೆಯಲ್ಲಿ ಕೂತರೂ ಬೆನ್ನಿಗೆ ಚಳಿ ಹತ್ತುವಂಥ ದಿನಗಳು ಅವು.

ಆ ಚಳಿಯಲ್ಲೇ ಬಸ್ ಸ್ಟ್ಯಾಂಡಿನ ಕಂಬಗಳ ಮೇಲೆ ಒಂದು ಪೋಸ್ಟರ್ ಬಂತು. 'ಕಾಣೆಯಾಗಿದ್ದಾರೆ.' ಕೆಳಗೆ ನೀಲಿ ಕೋಟಿನ, ಕಪ್ಪು ಕೂದಲಿನ, ಹಾಲಿನ ಬಣ್ಣದ ಒಬ್ಬ ಮುದುಕರು. ಹೆಸರು ಹನುಮಂತರಾಯಪ್ಪ, ಮರೆವಿನ ಕಾಯಿಲೆ ಇದೆ, ಕಂಡವರು ತಿಳಿಸಿ ಎಂದು ಬರೆದಿತ್ತು. ಯಾರೋ ರಿಟೈರಾದ ಆಫೀಸರ್ ಇರಬೇಕು ಅಂದುಕೊಂಡೆ. ದಿನಾ ಬೆಳಗ್ಗೆ ಬ್ಯಾಂಕಿಗೆ ಹೋಗುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಮಳೆಗೆ ನೆನೆದು ಒಂದೊಂದೇ ಅಂಚು ಕಳಚಿಕೊಂಡರೂ ಯಾರೂ ಅದನ್ನು ತೆಗೆಯಲಿಲ್ಲ. ತೆಗೆದಿಲ್ಲ ಅಂದರೆ ಇನ್ನೂ ಸಿಕ್ಕಿಲ್ಲ ಎಂದರ್ಥ. ಈ ಜಡಿಯಲ್ಲಿ, ತನ್ನ ಹೆಸರೂ ನೆನಪಿಲ್ಲದ ಮುದಿ ಜೀವ ಎಲ್ಲಿ ಮಲಗಿರುತ್ತದೆ ಎಂದು ಯೋಚನೆ ಬಂದರೆ ನನಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಹಿಂದಿನ ವಾರದ ಫೋಟೋಗಳನ್ನು ಹಾಕಿಸಲು ಅಯೂಬನ ಅಂಗಡಿಗೆ ಹೋದೆ. ನನಗೆ ಬಹಳ ಇಷ್ಟವಾದದ್ದೊಂದು ಅದರಲ್ಲಿತ್ತು. ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಒಬ್ಬ ಮುದುಕ. ತಲೆಗೆ ಟವೆಲ್ಲು, ಅಂಗಿಯ ಗುಂಡಿ ಬಿಚ್ಚಿ ಎದೆಯ ಬಿಳಿ ಕೂದಲು ಕಾಣುತ್ತಿದೆ, ಮುಂದಿನ ಹಲ್ಲಿಲ್ಲದ ಬಾಯಿ ಅರ್ಧ ತೆರೆದಿದೆ. ಯಾರೋ ಬರಬೇಕಾದವರು ಇನ್ನೇನು ಬಂದರು ಅನ್ನುವ ಹಾಗೆ ಕತ್ತು ಎತ್ತಿ ನೋಡುತ್ತಿದ್ದಾನೆ. ಕಾಯುವುದೆಂದರೆ ಹೀಗೆ ಅನ್ನಿಸುವಂಥ ಮುಖ.

ಮಿಷನ್ನಿನಿಂದ ಅದು ನಿಧಾನಕ್ಕೆ ಹೊರಬರುತ್ತಿತ್ತು. ಅಷ್ಟರಲ್ಲಿ ನಲವತ್ತು ದಾಟಿದ ಗಂಡಸೊಬ್ಬ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಒಳಗೆ ಬಂದ. ಹಿಂದೆ ಶಾಲು ಹೊದ್ದ ಮುದುಕಿ. ಗಂಡಸಿನ ಗುರುತು ನನಗಿತ್ತು. ಸಾಸಲು ಕಡೆಯ ಹಳ್ಳಿಯೊಂದರ ಡೈರಿ ಪ್ರೆಸಿಡೆಂಟ್ ಪುಟ್ಟರಾಜು. ಕೈಮುಗಿದು ನಗುವ ಅವನ ಫ್ಲೆಕ್ಸುಗಳು ಸರ್ಕಲ್ಲಿನಲ್ಲಿ ಸದಾ ಇರುತ್ತಿದ್ದವು. ಈಗ ಎದುರು ನಿಂತವನ ಗಡ್ಡ ಬೆಳೆದಿತ್ತು, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ಅಯೂಬಣ್ಣ, ಇನ್ನಷ್ಟು ಪೋಸ್ಟರ್ ಹೊಡಿ. ಯಲಹಂಕ ಕಡೆ ಅಂಟುಸ್ಬೇಕು. ಹಿಂದೂಪುರ ದಾರೀಲೆಲ್ಲ ಮುಗೀತು, ಅತ್ತೆ ಮನೆ ಹತ್ರಾನೂ ಇಲ್ಲ" ಎಂದ.

ಕಾಣೆಯಾದ ಹನುಮಂತರಾಯಪ್ಪ ಇವನ ಅಪ್ಪ ಎಂದು ನನಗೆ ಆಗ ತಿಳಿಯಿತು. ಅಯೂಬ್ ಕಂಪ್ಯೂಟರಿನ ಕಡೆ ತಿರುಗಿದ. ಮುದುಕಿ, ಪುಟ್ಟರಾಜುವಿನ ತಾಯಿ ಕೆಂಪಮ್ಮ, ಕಾಲು ನೋಯುತ್ತದೆಂದು ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ನನ್ನ ಪ್ರಿಂಟು ಅವರ ಕೈಯ ಹತ್ತಿರವೇ ಬಂದು ಬಿತ್ತು. ಅವರು ನೋಡಿದರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಅಂಗೈಯನ್ನು ಆ ಫೋಟೋದ ಮೇಲೆ, ಮಗುವಿಗೆ ಜ್ವರ ಬಂದಿದೆಯಾ ಎಂದು ನೋಡುವ ಹಾಗೆ ಇಟ್ಟರು.

"ಪುಟ್ಟಾ, ನಿಮ್ಮಪ್ಪ ಕಣ್ಲಾ" ಎಂದರು.

ಅಯೂಬ್ ಎದ್ದು ಬಂದು ಪ್ರಿಂಟು ನೋಡಿದ, ಪೋಸ್ಟರ್ ನೋಡಿದ, ಮತ್ತೆ ಪ್ರಿಂಟು ನೋಡಿದ. "ಯಾ ಅಲ್ಲಾ. ಇವ್ರಾ? ಗೃಹಪ್ರವೇಶದ ಫೋಟೋದಿಂದ ತಲೆ ತೆಗ್ದು ನಾನೇ ಕೋಟ್ ಹಾಕಿದ್ನಲ್ಲಮ್ಮಾ. ನನ್ಗೇ ಗುರ್ತು ಸಿಗ್ಲಿಲ್ವಲ್ಲ" ಎಂದು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ನನಗೆ ಸಿಕ್ಕಿತ್ತೇ? ಆ ಮುಖವನ್ನು ಲೆನ್ಸಿನಲ್ಲಿ ಕಂಡವಳು ನಾನು. ಒಂದು ವಾರ ಆ ಪೋಸ್ಟರ್ ನೋಡಿ ಮರುಗಿದ್ದೂ ನಾನೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಪುಟ್ಟರಾಜು ನನ್ನ ಕಡೆ ತಿರುಗಿದ. ಅವನ ಗಂಟಲಿನ ನರ ಉಬ್ಬಿತ್ತು. "ಯಾವಾಗ ತೆಗ್ದಿದ್ದು ಮೇಡಂ ಇದು?"

"ಹೋದ ಭಾನುವಾರ. ಬೆಳಗ್ಗೆ, ಬಸ್ ಸ್ಟ್ಯಾಂಡಲ್ಲಿ."

"ಅವತ್ತೇ ಅಪ್ಪ ಹೋಗಿದ್ದು. ಯಾರನ್ನ ಕೇಳಿ ತೆಗೆದ್ರಿ? ಹಿಂಗೆ ಕೂತಿರೋ ವಯಸ್ಸಾದೋರನ್ನ ಕಂಡ್ರೆ, ಎಲ್ಲಿಗೆ ಹೋಗ್ಬೇಕು ಯಜಮಾನ್ರೆ ಅಂತ ಒಂದ್ ಮಾತು ಕೇಳೋದ್ ಬಿಟ್ಟು ಫೋಟೋ ತೆಗೀತೀರಾ?"

ಚೀಲದ ಸೊಪ್ಪನ್ನು ಕ್ಯಾಮೆರಾದ ಮೇಲೆ ಎಳೆದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಕೂತವರು ಬಸ್ಸಿಗೆ ಕಾಯುತ್ತಾರೆ ಎಂದು ತಾನೇ ಯಾರಾದರೂ ತಿಳಿಯುವುದು?

ಅಯೂಬ್ ನಡುವೆ ಬಾಯಿ ಹಾಕಿದ. "ಪ್ರೆಸಿಡೆಂಟ್ರೆ, ಜಗಳ ಆಮೇಲೆ ಆಡಿ. ಪೋಸ್ಟರ್‌ಗೆ ಇದೇ ಹಾಕೋಣ. ಈಗ್ಲೇ ಗ್ರೂಪಿಗೆಲ್ಲ ಬಿಡ್ತೀನಿ."

"ಬೇಡ."

"ಯಾಕೆ?"

"ಭಿಕ್ಷುಕನ ಥರ ಕಾಣ್ತಾರೆ ಕಣಯ್ಯ!" ಪುಟ್ಟರಾಜುವಿನ ಧ್ವನಿ ಒಡೆಯಿತು. "ಗುಂಡಿ ಇಲ್ಲ, ಹಲ್ಲಿಲ್ಲ. ಪ್ರೆಸಿಡೆಂಟ್ ಅಪ್ಪನ್ನ ಹಿಂಗೆ ಬೀದಿಗೆ ಬಿಟ್ಟವ್ನೆ ಅನ್ನಲ್ವಾ ಜನ? ದಿನಾ ಬೆಳಗ್ಗೆ ಗುಂಡಿ ಹಾಕಿ ಬರ್ತಿದ್ದೆ ಕಣಯ್ಯ. ಐದು ನಿಮಿಷಕ್ಕೆ ಬಿಚ್ಕೊಳೋರು."

ನನ್ನ ಸಿಟ್ಟು ಆಗ ನೆತ್ತಿಗೇರಿತು. "ಜನ ಏನಂತಾರೆ ಅಂತ ಕೂತಿದ್ರೆ ನಿಮ್ಮಪ್ಪ ಸಿಗಲ್ಲ ಪುಟ್ಟರಾಜು" ಎಂದೆ. ಅವನು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ಆ ನೋಟದಲ್ಲಿ ನೀರೂ ಇತ್ತು.

ಕೆಂಪಮ್ಮ ಫೋಟೋದಿಂದ ಕಣ್ಣು ಕೀಳದೆ ಹೇಳಿದರು: "ನಿಮ್ಮಪ್ಪ ಯಾವತ್ತಾರ ಕೋಟ್ ಹಾಕವ್ರೇನ್ಲಾ?"

ಅವನು ಉತ್ತರ ಕೊಡುವ ಮೊದಲು ಫೋನ್ ಬಂತು. ಹಾಲಿನ ವ್ಯಾನಿನ ಡ್ರೈವರ್. ಅರಿಶಿನಕುಂಟೆ ಹತ್ತಿರ ಹೈವೇ ಪಕ್ಕ ಒಬ್ಬ ಮುದುಕ ಬಿದ್ದಿದ್ದಾನೆ, ಅಲ್ಲಾಡುತ್ತಿಲ್ಲ, ಜನ ಸೇರಿದ್ದಾರೆ, ಪೊಲೀಸರಿಗೆ ಹೇಳಿದ್ದಾರೆ ಎಂದ. ಸ್ಪೀಕರ್ ಹಾಕಿರದಿದ್ದರೂ ನಮಗೆಲ್ಲ ಕೇಳಿಸಿತು. ಪುಟ್ಟರಾಜು ಹೆಲ್ಮೆಟ್ಟನ್ನು ಅಲ್ಲೇ ಬಿಟ್ಟು ಬೈಕು ಹತ್ತಿ ಹೊರಟುಹೋದ.

ಆ ಮೇಲಿನ ಹೊತ್ತನ್ನು ಹೇಗೆ ಕಳೆದೆವೆಂದು ಈಗಲೂ ಹೇಳಲಾರೆ. ಹೊರಗೆ ಜಡಿ, ಪಕ್ಕದ ಬೀದಿಯಲ್ಲಿ ಮಗ್ಗದ ಸದ್ದು. ಅಯೂಬ್ ಚಹಾ ತರಿಸಿದ, ಅದು ಆರಿ ಕೆನೆ ಕಟ್ಟಿತು. ನಾನು ಕೆಂಪಮ್ಮನ ಪಕ್ಕ ಕೂತೆ. ಅವರು ಅಳಲಿಲ್ಲ.

"ತಾಯಿ, ಇದನ್ನ ದೊಡ್ಡದು ಮಾಡಕ್ಕಾಯ್ತದಾ?" ಎಂದು ಕೇಳಿದರು. "ಕಣ್ ಮಂಜು. ಸರ್ಯಾಗಿ ನೋಡ್ಬೇಕು ಅವ್ರನ್ನ."

ಅಯೂಬ್ ಕಂಪ್ಯೂಟರಿನಲ್ಲಿ ಫೋಟೋ ತೆರೆದು ಹಿಗ್ಗಿಸಿದ. ಪರದೆ ತುಂಬ ಹನುಮಂತರಾಯಪ್ಪನವರ ಮುಖ. ಕೆಂಪಮ್ಮ ಅದನ್ನು ಕಣ್ಣಲ್ಲೇ ಸವರಿದರು. ಅಯೂಬ್ ಫೋಟೋವನ್ನು ಸರಿಸಿದಂತೆ ಮುದುಕನ ಕೈ ಬಂತು, ಮೊಣಕಾಲು ಬಂತು. "ನಿಲ್ಸಪ್ಪಾ" ಎಂದರು ಕೆಂಪಮ್ಮ.

ಮುದುಕನ ತೊಡೆಯ ಕೆಳಗೆ ಏನೋ ಇತ್ತು. ಪ್ರಿಂಟಿನಲ್ಲಿ ಅದು ಬರೀ ನೆರಳಿನಂತೆ ಕಂಡಿತ್ತು. ಅಯೂಬ್ ಇನ್ನಷ್ಟು ಹಿಗ್ಗಿಸಿದ. ಒಂದು ಜೊತೆ ಹೆಂಗಸರ ಚಪ್ಪಲಿ. ಅವುಗಳ ಮೇಲೆ ಅವರು ಕೂತಿದ್ದರು. ಒಂದರ ಉಂಗುಷ್ಟವನ್ನು ಕೆಂಪು ನೂಲಿನಲ್ಲಿ ಹೊಲಿದದ್ದು ಕಾಣುತ್ತಿತ್ತು.

"ನನ್ ಚಪ್ಲಿ" ಎಂದರು ಕೆಂಪಮ್ಮ. "ಮಗ್ಗದ ನೂಲಲ್ಲಿ ನಾನೇ ಹೊಲ್ದಿದ್ದು. ಅವತ್ತಿಂದ ಕಾಣ್ತಿಲ್ಲ, ನಾಯಿ ಎತ್ಕಂಡ್ ಹೋಯ್ತು ಅಂತಿದ್ದೆ. ಸೊಸೆ ಚಪ್ಲೀಲೇ ಓಡಾಡ್ತಾ ಇವ್ನಿ." ತಟ್ಟನೆ ಎದ್ದು ನಿಂತರು. "ಅಯ್ಯೋ, ಶಿವಗಂಗೆಗೆ ಹೋಗವ್ರೆ."

ಮದುವೆಯಾದ ಹೊಸದರಲ್ಲಿ, ಕಾರ್ತಿಕದಲ್ಲೇ, ಗಂಡ ಹೆಂಡತಿ ಶಿವಗಂಗೆಗೆ ಹೋಗಿದ್ದರಂತೆ. ಹೊರಡುವ ಮೊದಲು ಅವರು ಹೆಂಡತಿಗೆ ಚಪ್ಪಲಿ ತಂದುಕೊಟ್ಟಿದ್ದರು. ಕೆಂಪಮ್ಮ ಹುಟ್ಟಿದ ಮೇಲೆ ಮೆಟ್ಟಿದ ಮೊದಲ ಚಪ್ಪಲಿ. ಬೆಟ್ಟವನ್ನು ಬರಿಗಾಲಲ್ಲಿ ಹತ್ತುವ ಹರಕೆ, ಹಾಗಾಗಿ ಬುಡದಲ್ಲಿ ಬಿಟ್ಟು ಹತ್ತಿದರು. ಇಳಿದು ಬಂದಾಗ ಚಪ್ಪಲಿ ಇಲ್ಲ. "ಊರಿನ ತನ್ಕ ಅಳ್ತಾ ಬಂದೆ. ಮಾರನೇ ವರ್ಷದಿಂದ ಅವ್ರು ಬೆಟ್ಟಾನೇ ಹತ್ಲಿಲ್ಲ ತಾಯಿ. ಪ್ರತಿ ಕಾರ್ತಿಕಕ್ಕೂ ಹೋಗೋದು, ನನ್ನ ಹತ್ತುಸ್ಬುಟ್ಟು ಅವ್ರು ಕೆಳಗೆ ನನ್ ಚಪ್ಲಿ ಮೇಲೆ ಕೂತ್ಕಳೋದು. ದೇವ್ರಿಗಿಂತ ಚಪ್ಲಿ ಹೆಚ್ಚಾಯ್ತಾ ನಿಮ್ಗೆ ಅಂತ ಬೈತಿದ್ದೆ. ನನ್ ಮಂಡಿ ಹೋದ್ಮೇಲೆ ಹೋಗೋದೇ ಬಿಟ್ಟಿದ್ವಿ."

ಅಷ್ಟರಲ್ಲಿ ಕೆಂಪಮ್ಮನ ಫೋನ್ ಹೊಡೆದುಕೊಂಡಿತು. ನಾನೇ ಗುಂಡಿ ಒತ್ತಿ ಅವರ ಕಿವಿಗೆ ಹಿಡಿದೆ. "ಅಪ್ಪ ಅಲ್ಲ ಕಣಮ್ಮ" ಎಂದ ಪುಟ್ಟರಾಜು. "ಬೇರೆ ಯಾರೋ. ಜೀವ ಇಲ್ಲ." ಆಮೇಲೆ ಅವನು ಬಿಕ್ಕಿದ ಸದ್ದು.

ಕೆಂಪಮ್ಮ ಕಣ್ಣು ಮುಚ್ಚಿದರು. "ಪಾಪ, ಅವ್ರ್ ಮನೇರಿಗೆ ಯಾರ್ ಹೇಳ್ತಾರೋ" ಎಂದರು. ಆಮೇಲೆ ಧ್ವನಿ ಗಟ್ಟಿ ಮಾಡಿಕೊಂಡರು. "ಅಲ್ಲಿಂದ್ಲೇ ಶಿವಗಂಗೆಗೆ ಬಾ ಪುಟ್ಟ. ಮಾತಾಡ್ಬೇಡ. ಬಾ."

ಅಯೂಬ್ ಅಂಗಡಿ ಬಾಗಿಲೆಳೆದು ತನ್ನ ಹಳೇ ಓಮ್ನಿ ತೆಗೆದ. ಪ್ರಿಂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ದಾಬಸ್‌ಪೇಟೆ ರಸ್ತೆ ಹಿಡಿದೆವು. ವೈಪರ್ ಒಂದೇ ಕಡೆ ಕೆಲಸ ಮಾಡುತ್ತಿತ್ತು. ರಸ್ತೆ ಪಕ್ಕ ಯಾರಾದರೂ ಮುದುಕರು ನಡೆಯುತ್ತಿದ್ದರೆ ಅಯೂಬ್ ತಾನಾಗಿ ಬ್ರೇಕು ಒತ್ತುತ್ತಿದ್ದ, ಕೆಂಪಮ್ಮ ನೋಡಿ ಅಲ್ಲವೆಂದು ತಲೆಯಾಡಿಸುತ್ತಿದ್ದರು. ವಾರದಿಂದ ಹಿಡಿದ ಜಡಿ. ಮೈಮೇಲೆ ಒಂದೇ ಅಂಗಿ. ಹೋಗಿದ್ದಾರೆ ಅಂತಲೇ ಇಟ್ಟುಕೊಳ್ಳೋಣ, ಇನ್ನೂ ಇದ್ದಾರೆಯೇ? ಆ ಪ್ರಶ್ನೆ ಮೂವರ ತಲೆಯಲ್ಲೂ ಇತ್ತು.

ಶಿವಗಂಗೆ ತಲುಪಿದಾಗ ಬೆಟ್ಟದ ನೆತ್ತಿ ಮೋಡದೊಳಗಿತ್ತು. ಕಾರ್ತಿಕದ ಭಾನುವಾರ, ಮಳೆಯಲ್ಲೂ ಜನ. ಚಪ್ಪಲಿ ಕಾಯುವ ಹೆಂಗಸೊಬ್ಬಳು ಟಾರ್ಪಾಲಿನ ಕೆಳಗೆ ಕೂತಿದ್ದಳು. ಅಯೂಬ್ ಅಭ್ಯಾಸಬಲದಿಂದ ಮೊದಲು ಪೋಸ್ಟರನ್ನೇ ತೋರಿಸಿದ. ಆಕೆ ತಲೆ ಆಡಿಸಿದಳು. "ಅದೇ ಅಲ್ಲೂ ಅಂಟುಸವ್ರೆ ನೋಡಿ, ಹಾಲಿನ ವ್ಯಾನೋರು ಬಂದು ಅಂಟುಸ್ ಹೋದ್ರು. ಅಂಥ ಸಾಹೇಬ್ರು ಯಾರೂ ಈ ಕಡೆ ಬಂದಿಲ್ಲ."

ನಾನು ಪ್ರಿಂಟು ತೆಗೆದು ಹಿಡಿದೆ. ಆಕೆ ನಕ್ಕುಬಿಟ್ಟಳು.

"ಅಯ್ಯೋ, ಚಪ್ಲಿ ಮೇಲೆ ಕೂರೋ ತಾತ! ಅಲ್ಲೇ ಅವ್ರಲ್ಲ. ದಿನಾ ಊಟಕ್ಕೆ ಕರ್ಕೊಂಡ್ ಹೋಗ್ತೀವಿ, ರಾತ್ರಿ ಮಂಟಪದಲ್ಲಿ ಮಲುಗ್ತಾರೆ, ಬೆಳಗಾದ್ರೆ ಮತ್ತೆ ಅಲ್ಲೇ. ಚಪ್ಲಿ ಇಲ್ಲಿಡು ತಾತ ನಾನ್ ನೋಡ್ಕತೀನಿ ಅಂದ್ರೆ ಕೊಡಲ್ಲ. ನಮ್ಮೋಳು ಬೆಟ್ಟ ಹತ್ತವ್ಳೆ, ಇಳ್ದ್ಬುಡ್ತಾಳೆ ಅಂತಾರೆ."

ಆಕೆ ಬೆರಳು ತೋರಿಸಿದ ಕಡೆ ನೋಡಿದೆ. ಲೈಟು ಕಂಬದ ಮೇಲೆ ನೀಲಿ ಕೋಟಿನ ಸಾಹೇಬರು. ಅದೇ ಕಂಬಕ್ಕೆ ಒರಗಿಕೊಂಡು, ಗೊಬ್ಬರದ ಚೀಲವನ್ನು ಮಳೆಗೆ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು, ಕತ್ತೆತ್ತಿ ಮೆಟ್ಟಿಲ ಕಡೆ ನೋಡುತ್ತ ಹನುಮಂತರಾಯಪ್ಪ.

ಇದ್ದಾರೆ. ಬದುಕಿದ್ದಾರೆ. ಕೆಂಪಮ್ಮನ ಕೈ ಹಿಡಿಯಲು ತಿರುಗುವಷ್ಟರಲ್ಲಿ ಪುಟ್ಟರಾಜುವಿನ ಬೈಕು ಬಂತು. ಅವನು ಅಪ್ಪನನ್ನು ಕಂಡವನೇ ಗಾಡಿಯನ್ನು ನೆಲಕ್ಕೆ ಬಿಟ್ಟು ಓಡಿ, ರಟ್ಟೆ ಹಿಡಿದು ಎಬ್ಬಿಸಲು ಹೋದ. "ಅಪ್ಪಾ, ನಡಿಯಪ್ಪಾ, ಮನೆಗ್ ಹೋಗಣ."

"ಯಾರಯ್ಯಾ ನೀನು? ಬುಡಯ್ಯಾ!" ಮುದುಕ ಕಿರುಚಿದರು. ಒಂದು ಕೈಯಲ್ಲಿ ಕಂಬ ತಬ್ಬಿ, ಇನ್ನೊಂದರಲ್ಲಿ ತೊಡೆಯ ಕೆಳಗಿನ ಚಪ್ಪಲಿ ಒತ್ತಿ ಹಿಡಿದರು. "ಚಪ್ಲಿ ಕಳ್ಳ! ಚಪ್ಲಿ ಕಳ್ಳ ಬಂದವ್ನೆ!"

ಜನ ಮುತ್ತಿಕೊಂಡರು. ತೆಂಗಿನಕಾಯಿ ಮಾರುವವನೊಬ್ಬ ಪುಟ್ಟರಾಜುವಿನ ಕೊರಳಪಟ್ಟಿ ಹಿಡಿದ. "ಏಯ್, ಯಾವನೋ ನೀನು? ವಯಸ್ಸಾದೋರ್ನ ಎಳದಾಡ್ತೀಯಾ?" ಹಿಂದಿನಿಂದ ಇನ್ನೊಂದು ಕೈ ಅವನ ಬೆನ್ನಿಗೆ ಬಿತ್ತು.

"ನಮ್ಮಪ್ಪ ಕಣ್ರೋ! ಕಂಬದ್ ಮೇಲೆ ನೋಡ್ರಿ, ಫೋಟೋ ಐತಲ್ಲ!"

ಎಲ್ಲರೂ ತಲೆಯೆತ್ತಿ ನೋಡಿದರು. "ಇದ್ಯಾರೋ ಲಾಯರ್ರು ಕಣಯ್ಯ" ಎಂದ ಕಾಯಿ ಮಾರುವವನು. "ಸುಳ್ಳು ಬೇರೆ ಹೇಳ್ತೀಯಾ?" ಹಿಡಿತ ಇನ್ನೂ ಬಿಗಿಯಾಯಿತು. ನಾಕು ಜನ ಸೇರಿದ ಕಡೆ ಮೊದಲ ಏಟು ಬೀಳುವುದಷ್ಟೇ ಕಷ್ಟ, ಮಿಕ್ಕವು ತಾವಾಗಿ ಬೀಳುತ್ತವೆ. ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ನುಗ್ಗಿ ಪ್ರಿಂಟನ್ನು ಮುಂದೆ ಚಾಚಿದೆ. ಪುಟ್ಟರಾಜು ಅದನ್ನು ನನ್ನ ಕೈಯಿಂದ ಕಿತ್ತುಕೊಂಡ. ತಲೆಯ ಮೇಲೆ ಎತ್ತಿ ಹಿಡಿದು, ಬೆಟ್ಟಕ್ಕೇ ಕೇಳಿಸುವ ಹಾಗೆ ಕೂಗಿದ.

"ಇದು ನೋಡ್ರಿ! ಇವ್ರು ನಮ್ಮಪ್ಪ! ಗುಂಡಿ ಹಾಕಲ್ಲ, ಹಲ್ಲಿಲ್ಲ, ಹಿಂಗೇ ಇರೋದು ನಮ್ಮಪ್ಪ!"

ಕೊರಳಪಟ್ಟಿ ಹಿಡಿದ ಕೈ ಸಡಿಲವಾಯಿತು. ಜನ ಫೋಟೋ ನೋಡಿದರು, ಮುದುಕರನ್ನು ನೋಡಿದರು. ಯಾರೋ "ಅದೇ ಟವೆಲ್ಲು" ಎಂದರು. ಕಾಯಿಯವನು ಪುಟ್ಟರಾಜುವಿನ ಅಂಗಿ ತಾನೇ ಸರಿ ಮಾಡಿ, "ತಪ್ಪು ತಿಳ್ಕೋಬೇಡ ಗುರು" ಎಂದ.

ಆದರೆ ಹನುಮಂತರಾಯಪ್ಪ ಕಂಬ ಬಿಡಲಿಲ್ಲ. ಮಗ ಮಂಡಿಯೂರಿ ಬೇಡಿಕೊಂಡ. ಅಯೂಬ್ "ಅಜ್ಜಾ, ಗಾಡಿ ಐತೆ, ಬೆಚ್ಚಗೆ ಹೋಗೋಣ" ಎಂದ. "ನಮ್ಮೋಳು ಬೆಟ್ಟ ಹತ್ತವ್ಳೆ. ಬರ್ಲಿ" ಎಂಬುದೊಂದೇ ಅವರ ಉತ್ತರ. ಅವರ ತುಟಿ ಚಳಿಗೆ ನೀಲಿಯಾಗಿತ್ತು, ಎದೆಯೊಳಗೆ ಕಫ ಗೊರಗೊರ ಅನ್ನುತ್ತಿತ್ತು. ಎತ್ತಿಕೊಂಡು ಹೋಗೋಣ ಎಂದ ಒಬ್ಬ. ಎತ್ತಿದರೆ ಹೆದರಿ ಅಲ್ಲೇ ಪ್ರಾಣ ಬಿಡುವ ಹಾಗಿದ್ದರು.

ಕೆಂಪಮ್ಮನನ್ನು ಕರೆಯೋಣವೆಂದು ತಿರುಗಿದರೆ ಅವರಿಲ್ಲ. ಚಪ್ಪಲಿ ಕಾಯುವವಳ ಟಾರ್ಪಾಲಿನ ಅಂಚಿಗೆ ಸೊಸೆಯ ಹಿಮ್ಮಡಿ ಎತ್ತರದ ಚಪ್ಪಲಿ ಮಾತ್ರ ಬಿದ್ದಿದ್ದವು. ಅತ್ತಿತ್ತ ಹುಡುಕಿದೆ. ಅಂಗಡಿಗಳ ಹಿಂದಿನಿಂದ ಸುತ್ತಿಕೊಂಡು ಹೋಗಿ ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಬರಿಗಾಲು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಮಂಡಿಯ ಮೇಲೆ. ಗಂಡ ಇಲ್ಲಿ ಸಿಕ್ಕಿರುವಾಗ ಇವರು ದೇವರ ಹತ್ತಿರ ಯಾಕೆ ಹೋಗುತ್ತಿದ್ದಾರೆ ಎಂದು ನನಗೆ ಒಂದು ಗಳಿಗೆ ಸಿಟ್ಟೇ ಬಂತು. ಒಂದಷ್ಟು ಮೆಟ್ಟಿಲು ಹತ್ತಿ, ಮೇಲಿನಿಂದ ಇಳಿಯುತ್ತಿದ್ದ ಹುಡುಗಿಯೊಬ್ಬಳ ಹತ್ತಿರ ಏನೋ ಕೇಳಿ, ಅವಳ ಪ್ರಸಾದದ ಎಲೆಯಿಂದ ಒಂದು ಹೂ ತೆಗೆದು ಮುಡಿದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡರು. ಆಮೇಲೆ ತಿರುಗಿ ಇಳಿಯತೊಡಗಿದರು.

ಆಗ ನನಗೆ ಅರ್ಥವಾಯಿತು. ನನ್ನ ಪಕ್ಕ ಪುಟ್ಟರಾಜುವಿಗೂ ಆಗಿರಬೇಕು, ಅವನು ಅಪ್ಪನ ರಟ್ಟೆ ಬಿಟ್ಟು ಎದ್ದು ದೂರ ಸರಿದ. ಮಳೆಯಲ್ಲಿ ಮೆಟ್ಟಿಲು ಜಾರುತ್ತಿತ್ತು. ಆ ಮಂಡಿಯಲ್ಲಿ ಒಂದೊಂದು ಮೆಟ್ಟಿಲಿಳಿಯುವಾಗಲೂ ಅವರ ಮುಖ ಕಿವುಚಿಕೊಳ್ಳುತ್ತಿತ್ತು. ನಾವ್ಯಾರೂ ಕೈ ಕೊಡಲು ಹೋಗಲಿಲ್ಲ. ಅವರು ಒಬ್ಬರೇ ಇಳಿಯಬೇಕಿತ್ತು.

"ಮೇಡಂ" ಎಂದ ಪುಟ್ಟರಾಜು, ಕೇಳಿಯೂ ಕೇಳಿಸದ ಹಾಗೆ. "ಕ್ಯಾಮೆರಾ ಐತಾ? ತೆಗೀರಿ. ಹೆಂಗವ್ರೋ ಹಂಗೇ ತೆಗೀರಿ."

ಚೀಲದಿಂದ ಕ್ಯಾಮೆರಾ ಹೊರಗೆ ತೆಗೆದು, ಮೊದಲ ಬಾರಿಗೆ ಎಲ್ಲರ ಎದುರು ಕಣ್ಣಿಗೆ ಹಿಡಿದೆ. ಆ ಫೋಟೋ ಅಲುಗಿದೆ, ಮುಖಗಳು ಸರಿಯಾಗಿ ಕಾಣುವುದಿಲ್ಲ. ನಮ್ಮ ಮನೆಗೆ ಬಂದವರು ಇದನ್ನು ಯಾಕೆ ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೀರಿ ಎಂದು ಕೇಳುತ್ತಾರೆ.

ಹನುಮಂತರಾಯಪ್ಪ ಕತ್ತೆತ್ತಿ ನೋಡುತ್ತಲೇ ಇದ್ದರು. ಹೆಂಡತಿ ಕೊನೆಯ ಮೆಟ್ಟಿಲಿಳಿದು ಎದುರು ನಿಂತಾಗ ಅವರ ಕೈ ತಾನಾಗಿ ಕಂಬವನ್ನು ಬಿಟ್ಟಿತು.

"ದರ್ಶನ ಆಯ್ತಾ?" ಎಂದು ಕೇಳಿದರು.

"ಆಯ್ತು ಕಣ್ರೀ" ಎಂದರು ಕೆಂಪಮ್ಮ. "ಜನ ಜಾಸ್ತಿ. ತಡ ಆಗ್ಬುಡ್ತು."

ಹನುಮಂತರಾಯಪ್ಪ ತೊಡೆಯ ಕೆಳಗಿಂದ ಚಪ್ಪಲಿ ತೆಗೆದು, ಟವೆಲಿನಲ್ಲಿ ಒಂದೊಂದನ್ನೇ ಒರೆಸಿ, ಹೆಂಡತಿಯ ಕಾಲ ಬಳಿ ಜೋಡಿಸಿ ಇಟ್ಟರು.

"ಮೆಟ್ಕೊ" ಎಂದರು. "ಈ ಸಲ ಯಾರೂ ಕದೀಲಿಲ್ಲ."